ಹಳದಿಯಾದ ಎಲೆ

ಹೈಡ್ರೇಂಜಿಯ ಜಪಾನ್ ಮೂಲದ ಹೂಗಿಡ. ಊಟಿ, ಮಡಿಕೇರಿಗಳಂತಹ ತಂಪು ನೆಲದಲ್ಲಿ ಅದು ಗೊಂಚಲುಗೊಂಚಲಾಗಿ ಅರಳುತ್ತದೆ. ಆ ಚೆಲುವಿಗೆ ಮನಸೋತವರು ಸಸಿಯೊಂದನ್ನು ತಂದು ಬೆಂಗಳೂರಿನ ಮನೆಯಂಗಳದಲ್ಲಿ ನೆಡುತ್ತಾರೆ. ಕೆಲವೇ ವಾರಗಳಲ್ಲಿ ಎಲೆಗಳು ಹಳದಿಯಾದರೆ ಅವರ ಕಳವಳ ಹೇಳತೀರದು. ಮಮತೆಯ ಕೈ ಆಗ ಸುಮ್ಮನಿರದು. ಇಂದು ಒಂದು ಕೊಡ ನೀರು, ನಾಳೆ ಒಂದು ಹಿಡಿ ಗೊಬ್ಬರ, ನಾಡಿದ್ದು ಮತ್ತೆ ನೀರು. ಗಿಡವಾದರೋ ಇನ್ನಷ್ಟು ಸೊರಗುತ್ತದೆ.

ನಾಡಿ ನೋಡದೆ ಮದ್ದು ಕೊಡುವ ವೈದ್ಯನಿಗೂ ಇವರಿಗೂ ಭೇದವೇನು? ಹಳದಿ ಬಣ್ಣವು ರೋಗದ ಸೂಚನೆಯೇ ಹೊರತು ರೋಗವಲ್ಲ. ಆದುದರಿಂದ ಯಾವ ಎಲೆ ಹಳದಿಯಾಗಿದೆ, ಹೇಗೆ ಹಳದಿಯಾಗಿದೆ ಎಂಬುದನ್ನು ಮೊದಲು ನೋಡಬೇಕು.

ಬುಡದ ಒಂದೆರಡು ಹಳೆಯ ಎಲೆಗಳು ಹಳದಿಯಾಗಿ ಉದುರಿದರೆ ಅಂಜಬೇಕಾಗಿಲ್ಲ. ಕೀಳುವಾಗ ಬೇರು ಕಳೆದುಕೊಂಡ ಸಸಿ ತನ್ನ ಭಾರವನ್ನು ತಗ್ಗಿಸಿಕೊಳ್ಳುತ್ತಿರುತ್ತದೆ. ಹಳೆಯ ಎಲೆಗಳೆಲ್ಲವೂ ಒಂದೇ ಸಮನೆ ಬಿಳಿಚಿಕೊಂಡರೆ ಸಾರಜನಕದ ಕೊರತೆ ಇರಬಹುದು. ಮಣ್ಣು ಒದ್ದೆಯಾಗಿದ್ದರೂ ಎಲೆ ಬಾಡಿ ಹಳದಿಯಾದರೆ ನೀರು ಹೆಚ್ಚಾಗಿದೆಯೆಂದು ಶಂಕಿಸಬೇಕು. ನಿಂತ ನೀರಿನಲ್ಲಿ ಬೇರಿಗೆ ಗಾಳಿ ದೊರೆಯದೆ ಅದು ಕೊಳೆಯತೊಡಗುತ್ತದೆ. ಬುಡದ ಮಣ್ಣನ್ನು ಮೆಲ್ಲನೆ ಸರಿಸಿದರೆ ನಿಜ ತಿಳಿಯುತ್ತದೆ: ಆರೋಗ್ಯದ ಬೇರು ಬೆಳ್ಳಗೆ ಗಟ್ಟಿಯಾಗಿರುತ್ತದೆ, ಕೊಳೆತ ಬೇರು ಕಂದಾಗಿ ಮೆತ್ತಗಿರುತ್ತದೆ.

ಇನ್ನೊಂದು ಲಕ್ಷಣವುಂಟು. ತುದಿಯ ಎಳೆಯ ಎಲೆಗಳು ಹಳದಿಯಾಗಿ, ನರಗಳು ಮಾತ್ರ ಹಸುರಾಗಿ ಉಳಿಯುತ್ತವೆ. ಇದು ಕಬ್ಬಿಣದ ಕೊರತೆ. ಹಳೆಯ ಎಲೆಯಲ್ಲಿ ಸೇರಿದ ಕಬ್ಬಿಣ ಎಳೆಯ ಎಲೆಗೆ ಸುಲಭವಾಗಿ ಸಾಗದು. ಆದ್ದರಿಂದ ಹೊಸ ಚಿಗುರೇ ಮೊದಲು ಬಳಲುತ್ತದೆ. ವಿಚಿತ್ರವೆಂದರೆ, ಮಣ್ಣಿನಲ್ಲಿ ಕಬ್ಬಿಣ ಬೇಕಾದಷ್ಟಿರಬಹುದು. ಹೊಸ ಗೋಡೆಯ ಬುಡದಲ್ಲಿ ಸುರಿದ ಸುಣ್ಣ, ಸಿಮೆಂಟುಗಳಿಂದಲೋ ಕೊಳವೆಬಾವಿಯ ಗಡಸು ನೀರಿನಿಂದಲೋ ಮಣ್ಣು ಕ್ಷಾರವಾದಾಗ ಆ ಕಬ್ಬಿಣ ಕರಗದು. ಕರಗದುದನ್ನು ಬೇರು ಹೀರದು. ಕಣಜ ತುಂಬಿದ್ದರೂ ಉಪವಾಸವೆಂಬಂತೆ ಗಿಡದ ಪಾಡು. ಹೀಗೆ ಬಿಳಿಚಿದ ಎಲೆಗೆ ಕಬ್ಬಿಣದ ಲವಣ ಕೊಟ್ಟರೆ ಹಸುರು ಮರಳುವುದೆಂದು ಫ್ರಾನ್ಸಿನ ಯೂಸೆಬ್ ಗ್ರಿ 1840ರ ದಶಕದಲ್ಲಿಯೇ ತೋರಿಸಿದ್ದನು. ಅನ್ನಭೇದಿಯ ತೆಳುವಾದ ದ್ರಾವಣ, ಎಲೆಗೊಬ್ಬರ, ಸಂಗ್ರಹಿಸಿದ ಮಳೆನೀರು ಇವು ಇದಕ್ಕೆ ತಕ್ಕ ಉಪಚಾರ.

ಕೊಳೆತ ಬೇರಿಗೆ ನೀರು ಹಾಕುವುದೂ ಸುಣ್ಣದ ನೆಲದಲ್ಲಿ ನರಳುವ ಗಿಡಕ್ಕೆ ಬರಿಯ ಸಾರಜನಕ ಉಣಿಸುವುದೂ ಉಪಕಾರವೆನಿಸಲಾರವು. ನೋವನ್ನು ಬಾಯಿಬಿಟ್ಟು ಹೇಳಲಾರದ ಜೀವದ ಮುಂದೆ ಮನುಷ್ಯನು ಕೈ ಚಾಚುವ ಮೊದಲು ಕಣ್ಣು ತೆರೆಯಬೇಕು. ಅಕ್ಕರೆಗೆ ಅರಿವು ಜೊತೆಯಾದಾಗ ಮಾತ್ರ ಸಸಿ ಉಳಿದೀತು.