ನಿಲ್ಲದ ಫ್ಯಾನು, ತಾತನ ಪ್ರಶ್ನೆ

ಕಾರ್ ಆಫ್ ಮಾಡಿ ಇಳಿದ ಮೇಲೂ ಬಾನೆಟ್ ಒಳಗೆ ಫ್ಯಾನ್ ತಿರುಗುವ ಸದ್ದು ನೀವೂ ಕೇಳಿರುತ್ತೀರಿ. ಕೆಲವು ನಿಮಿಷ ತಿರುಗಿ ತಾನೇ ನಿಂತರೆ ಹೆದರಬೇಕಾಗಿಲ್ಲ. ಇಂಜಿನ್ ನಿಂತಾಗ ಹೆಚ್ಚಿನ ಕಾರುಗಳಲ್ಲಿ ಕೂಲೆಂಟ್ ಓಡಿಸುವ ಪಂಪೂ ನಿಲ್ಲುತ್ತದೆ. ಆದರೆ ಕಾದ ಲೋಹ ತಕ್ಷಣ ತಣ್ಣಗಾಗುವುದಿಲ್ಲ. ಒಲೆ ಆರಿಸಿದ ಮೇಲೂ ದಪ್ಪ ತಳದ ಪಾತ್ರೆಯಲ್ಲಿ ಸಾರು ಸ್ವಲ್ಪ ಹೊತ್ತು ಕುದಿಯುತ್ತದಲ್ಲ, ಹಾಗೆ. ಅದಕ್ಕೇ ಎಷ್ಟೋ ಕಾರುಗಳಲ್ಲಿ ಕೀ ತೆಗೆದ ಮೇಲೂ ಫ್ಯಾನಿಗೆ ಬ್ಯಾಟರಿಯಿಂದ ಕರೆಂಟ್ ಸಿಗುವ ಹಾಗೆ ಮಾಡಿರುತ್ತಾರೆ.

ನಮ್ಮ ಹಳೇ ಕಾರಿನ ಫ್ಯಾನ್ ಮಾತ್ರ ನಿಲ್ಲಲೇ ಇಲ್ಲ. ಅಮ್ಮ ಆಸ್ಪತ್ರೆಯ ಕೆಲಸಕ್ಕೆ ಬೆಳಿಗ್ಗೆ 6 ಗಂಟೆಗೆ ಹೊರಡಬೇಕು. ಒಂದೇ ವಾರದಲ್ಲಿ ಎರಡು ಸಲ ಬ್ಯಾಟರಿ ಪೂರ್ತಿ ಖಾಲಿಯಾಗಿ ಕಾರ್ ಸ್ಟಾರ್ಟ್ ಆಗಲಿಲ್ಲ. ಫ್ಯಾನ್ 15 ಆಂಪಿಯರ್ ಎಳೆದರೆ 60 ಆಂಪಿಯರ್-ಅವರ್ ಬ್ಯಾಟರಿ 4 ಗಂಟೆಯಲ್ಲಿ ಮುಗಿಯುತ್ತದೆ, ಸಣ್ಣ ಲೆಕ್ಕ. ಗ್ಯಾರೇಜಿನವರು ಫ್ಯಾನ್ ಪೂರ್ತಿ ಬದಲಿಸಬೇಕು, 900 ಡಾಲರ್ ಆಗುತ್ತದೆ ಅಂದರು. ಮನೆಯಲ್ಲಿ ಇದ್ದ ಆ ದುಡ್ಡು ಡಿಸೆಂಬರ್‌ನಲ್ಲಿ ಊರಿಗೆ ಹೋಗುವ ಟಿಕೆಟ್‌ಗೆ ಎತ್ತಿಟ್ಟಿದ್ದು.

ಹಾಸನದಲ್ಲಿರುವ ನಮ್ಮ ತಾತ ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ನಾನು ವಿಡಿಯೋ ಕಾಲ್ ಮಾಡಿದೆ. ಅವರು ರಿಪೇರಿ ಮಾಡುತ್ತಿದ್ದ ಬಸ್ಸುಗಳಲ್ಲಿ ಫ್ಯಾನ್ ಇಂಜಿನ್ನಿನಿಂದಲೇ ತಿರುಗುತ್ತಿತ್ತು. ಇಂಜಿನ್ ನಿಂತರೆ ಫ್ಯಾನೂ ನಿಂತಂತೆ. ಹಾಗಾಗಿ ಕಂಪ್ಯೂಟರ್, ಸೆನ್ಸರ್, ರಿಲೇ ಎಲ್ಲ ಸೇರಿ ಫ್ಯಾನ್ ಹೇಗೆ ಓಡಿಸುತ್ತವೆ ಅಂತ ನಾನು ಕನ್ನಡದಲ್ಲಿ ಬಿಡಿಸಿ ಹೇಳಬೇಕಾಯಿತು. ಹೋಮ್‌ವರ್ಕ್‌ಗಿಂತ ಕಷ್ಟ! ಎಲ್ಲಾ ಕೇಳಿಸಿಕೊಂಡು ತಾತ ಒಂದೇ ಪ್ರಶ್ನೆ ಕೇಳಿದರು: "ಫ್ಯಾನ್ ಕೆಟ್ಟಿದ್ರೆ ತಿರುಗ್ತಾನೇ ಇರಲಿಲ್ಲ ಅಲ್ವೇನೋ ಪುಟ್ಟಾ? ಅದು ಚೆನ್ನಾಗೇ ಇದೆ. ಅದಕ್ಕೆ ನಿಲ್ಲು ಅನ್ನಬೇಕಾದವರು ಯಾರು, ಅದನ್ನ ನೋಡು. ಮೊದಲು ದುಡ್ಡು ಖರ್ಚಾಗದೇ ಇರೋದನ್ನೆಲ್ಲ ನೋಡಿ ಮುಗಿಸು."

ಮಾರನೇ ದಿನ ಬೆಳಿಗ್ಗೆ ಇಂಜಿನ್ ತಣ್ಣಗಿದ್ದಾಗ ಅಪ್ಪ ಮತ್ತು ನಾನು ಶುರು ಮಾಡಿದೆವು. ಬ್ಯಾಟರಿಗೆ ಚಾರ್ಜ್ ಬಂದ ತಕ್ಷಣ ಫ್ಯಾನ್ ತಿರುಗಿತು, ಕೀ ಹಾಕುವ ಮೊದಲೇ. ಕೂಲೆಂಟ್ ಮಟ್ಟ ಸರಿಯಿತ್ತು. ಸ್ಕ್ಯಾನರ್ ಹಾಕಿದರೆ ಸೆನ್ಸರ್ 21 ಡಿಗ್ರಿ ತೋರಿಸಿತು. ಹೊರಗಿನ ಗಾಳಿಯೂ ಅಷ್ಟೇ ಇತ್ತು. ಅಂದರೆ ಸೆನ್ಸರ್ ಸುಳ್ಳು ಹೇಳುತ್ತಿಲ್ಲ. ಆಮೇಲೆ ಫ್ಯೂಸ್ ಬಾಕ್ಸ್‌ನಿಂದ ಫ್ಯಾನಿನ ರಿಲೇ ಕಿತ್ತೆ. ಫ್ಯಾನ್ ನಿಂತಿತು. ಹಾರ್ನ್ ರಿಲೇಯ ಮೇಲೂ ಅದೇ ಪಾರ್ಟ್ ನಂಬರ್ ಇತ್ತು, ಅದನ್ನು ಆ ಜಾಗದಲ್ಲಿ ಕೂರಿಸಿದೆ. ಫ್ಯಾನ್ ತಿರುಗಲಿಲ್ಲ. ಕಂಪ್ಯೂಟರ್ ತಪ್ಪಾಗಿ 'ತಿರುಗು' ಅನ್ನುತ್ತಿದ್ದರೆ ಈ ರಿಲೇಯಲ್ಲೂ ತಿರುಗಬೇಕಿತ್ತು. ಹಳೇ ರಿಲೇಯ 30 ಮತ್ತು 87ನೇ ಪಿನ್‌ಗಳಿಗೆ ಮಲ್ಟಿಮೀಟರ್ ಹಿಡಿದೆ. ಕೈಯಲ್ಲಿರುವ ರಿಲೇಯಲ್ಲಿ ಅವೆರಡರ ಮಧ್ಯೆ ಸಂಪರ್ಕ ಇರಬಾರದು. ಮೀಟರ್ ಬೀಪ್ ಅಂದಿತು!

ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿ ತಾತನಿಗೆ ತೋರಿಸಿದೆ. ಒಳಗಿನ ಎರಡು ಕಾಂಟ್ಯಾಕ್ಟ್‌ಗಳು ಸುಟ್ಟು, ಒಂದಕ್ಕೊಂದು ಬೆಸೆದುಕೊಂಡಿದ್ದವು. "ನಮ್ಮ ಬಸ್ಸಿನ ಸ್ಟಾರ್ಟರ್ ಸ್ವಿಚ್ಚೂ ಹಿಂಗೇ ಅಂಟ್ಕೊಳ್ಳೋದು" ಅಂತ ಅವರ ಮುಖ ಅರಳಿತು. ಆದರೆ ಅಲ್ಲಿಗೆ ಬಿಡಲಿಲ್ಲ. "ಫ್ಯಾನ್ ಬಿಗಿಯಾಗಿ ಜಾಸ್ತಿ ಕರೆಂಟ್ ಎಳೀತಿದ್ರೆ ಹೊಸ ರಿಲೇನೂ ಸುಡುತ್ತೆ" ಅಂದರು. ಬ್ಯಾಟರಿ ವೈರ್ ಬಿಚ್ಚಿ ಕೈಯಿಂದ ತಿರುಗಿಸಿ ನೋಡಿದೆ, ಸಲೀಸಾಗಿ ತಿರುಗಿತು. ಹೊಸ ರಿಲೇಗೆ 14 ಡಾಲರ್ ಆಯಿತು. ಈಗ ಎರಡು ತಿಂಗಳಾಯಿತು, ಅಮ್ಮ ಒಂದು ದಿನವೂ ಲೇಟ್ ಆಗಿಲ್ಲ. ಟಿಕೆಟ್ ಕೂಡ ಬುಕ್ ಆಗಿದೆ. ಸುಟ್ಟ ರಿಲೇ ತರಲು ಮರೆಯಬಾರದು ಅಂತ ತಾತ ಎರಡು ಸಲ ನೆನಪಿಸಿದ್ದಾರೆ. ಮೊದಲೆಲ್ಲ ನಮ್ಮ ಫೋನ್ ಮಾತು "ಊಟ ಆಯ್ತಾ, ಶಾಲೆ ಹೇಗಿದೆ" ಅನ್ನುವುದಕ್ಕೆ ಮುಗಿಯುತ್ತಿತ್ತು. ಈಗ ಅಮ್ಮ ಫೋನ್ ವಾಪಸ್ ಕೇಳಬೇಕು.

ನಿಮ್ಮ ಕಾರಿನ ಫ್ಯಾನ್ ಹೀಗೆ ನಿಲ್ಲದೇ ಹೋದರೆ ಎರಡು ವಿಷಯ ನೆನಪಿಡಿ. ಇಂಜಿನ್ ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ, ಒತ್ತಡದಲ್ಲಿರುವ ಕೂಲೆಂಟ್ ಮೈಮೇಲೆ ಚಿಮ್ಮುತ್ತದೆ. ಕೀ ನಿಮ್ಮ ಜೇಬಿನಲ್ಲೇ ಇದ್ದರೂ ಫ್ಯಾನಿನ ಹತ್ತಿರ ಕೈ ಹಾಕಬೇಡಿ. ಅದು ಯಾವಾಗ ಬೇಕಾದರೂ ತಿರುಗಬಹುದು.