ಬೆಳಕಿಗೆ ತಾಳ ಹಾಕುವವರ ನಡುವೆ

ಬೆಲ್ಜಿಯಂನ ಆಂಟ್‌ವರ್ಪ್ ರೈಲು ನಿಲ್ದಾಣದಲ್ಲಿ ಇಳಿದವನು ಕತ್ತೆತ್ತಿ ಹಾಗೇ ನಿಂತುಬಿಟ್ಟೆ. 1905ರಲ್ಲಿ ಕಟ್ಟಿ ಮುಗಿಸಿದ ನಿಲ್ದಾಣ. ಮೇಲೆ ಅರಮನೆಯಂಥ ಗುಮ್ಮಟ, ಕೆಳಗೆ ಒಂದರ ಅಡಿ ಇನ್ನೊಂದರಂತೆ ಮೂರು ಅಂತಸ್ತಿನಲ್ಲಿ ಓಡುವ ರೈಲುಗಳು. ನಮ್ಮೂರ ನಿಲ್ದಾಣದಲ್ಲಿ ಕತ್ತೆತ್ತಿದರೆ ಕಾಣುವುದು ತಗಡಿನ ಸೂರು ಮತ್ತು ಪಾರಿವಾಳ. “ಮಾವ, ಹೀಗೇ ನಿಂತ್ರೆ ಇಲ್ಲೇ ರಾತ್ರಿ ಆಗ್ತದೆ” ಎಂದು ತಂಗಿಯ ಮಗ ತೋಳು ಹಿಡಿದೆಳೆದ. ಪಕ್ಕದ ನೆದರ್ಲೆಂಡ್ಸ್‌ನಲ್ಲಿ ಇಂಜಿನಿಯರ್ ಆಗಿರುವ ಇವನು, ಬೆಳಕು ಕುಣಿಸುವವರನ್ನು ತೋರಿಸುತ್ತೇನೆಂದು ಆಸೆ ಹಚ್ಚಿ ಕರೆತಂದಿದ್ದ.

ಊಟದ ಚಿಂತೆ ತಾನಾಗಿ ಕರಗಿತು. ನಿಲ್ದಾಣದ ಮಗ್ಗುಲಲ್ಲೇ ವಜ್ರದ ಪೇಟೆ. ಗುಜರಾತಿನ ಜೈನ ವ್ಯಾಪಾರಿಗಳು ಅಲ್ಲಿ ಬಹುಕಾಲದಿಂದ ಬೇರೂರಿದ್ದಾರೆ. ಹಾಗಾಗಿ ವಜ್ರದ ಬೀದಿಯಲ್ಲಿ ನನಗೆ ಸಿಕ್ಕ ಅತ್ಯಮೂಲ್ಯ ವಸ್ತು, ಬಿಸಿ ಅನ್ನ ಮತ್ತು ತೊವ್ವೆ.

ಸಂಜೆ ಒಂದು ಸಣ್ಣ ನೃತ್ಯಮಂದಿರ. ಸಭಾಂಗಣದ ಹಿಂದುಗಡೆ, ವಿಮಾನದ ಕಾಕ್‌ಪಿಟ್‌ನಂಥ ಲೈಟಿಂಗ್ ಡೆಸ್ಕ್ ಮುಂದೆ ಕುಳಿತಿದ್ದಾಳೆ ಒಬ್ಬ ತೆಳ್ಳನೆಯ ಹುಡುಗಿ. ಮೇಲೆ ಕಬ್ಬಿಣದ ತೊಲೆಗಳಿಂದ ತಲೆಕೆಳಗಾಗಿ ನೇತಾಡುವ ದೀಪಗಳು, ಹಗಲಿನ ಬಾವಲಿಗಳ ಹಾಗೆ. ಡೆಸ್ಕಿನಿಂದ ಅವಕ್ಕೆ ಹೋಗುವುದು ಬರೀ ಅಂಕಿ ಎನ್ನುತ್ತಾಳೆ. ಡಿಎಂಎಕ್ಸ್ ಎಂಬ, 1986ರಲ್ಲಿ ರೂಪಿಸಿದ ಭಾಷೆಯಲ್ಲಿ ಒಂದು ತಂತಿ 512 ಚಾನೆಲ್‌ಗಳನ್ನು ಹೊರುತ್ತದೆ. ಪ್ರತಿ ಚಾನೆಲ್‌ಗೆ ಸೊನ್ನೆಯಿಂದ 255ರವರೆಗೆ ಒಂದು ಅಂಕಿ. ಒಂದು ದೀಪದ ಹೊಳಪಿಗೊಂದು, ಬಣ್ಣಕ್ಕೊಂದು, ಕತ್ತು ತಿರುಗಿಸಲು ಇನ್ನೊಂದು. ನಾನು ಬೆಳೆದ ಬಯಲಾಟದಲ್ಲಿ ಇಷ್ಟೂ ಕೆಲಸಕ್ಕೆ ಗ್ಯಾಸ್‌ಲೈಟಿಗೆ ಗಾಳಿ ಹಾಕುವ ಒಬ್ಬ ಆಳು ಇರುತ್ತಿದ್ದ.

ಹಾಡು ಮೊದಲೇ ನಿಶ್ಚಯವಾಗಿದ್ದರೆ ಕಷ್ಟವಿಲ್ಲವಂತೆ. ಯೂರೋವಿಷನ್ ಸ್ಪರ್ಧೆಯಲ್ಲಿ ಹಾಡು ಮೂರು ನಿಮಿಷ ದಾಟುವ ಹಾಗಿಲ್ಲ. ಅಂಥ ಕಡೆ ಟೈಮ್‌ಕೋಡ್ ಎಂಬ ಗಡಿಯಾರಕ್ಕೆ ದೀಪಗಳನ್ನು ಕಟ್ಟಿಹಾಕಿದರಾಯಿತು. ಆದರೆ ಡಿಜೆ ಮುಂದೆ ಯಾವ ಹಾಡು ಹಾಕುತ್ತಾನೆಂದು ಯಾರು ಬಲ್ಲರು? ಆಗ ಬೆರಳೇ ಗತಿ. ಸಂಗೀತದ ಒಂದೊಂದು ಪೆಟ್ಟಿಗೂ ಸರಿಯಾಗಿ ಹುಡುಗಿ ಒಂದು ಗುಂಡಿಯನ್ನು ನಾಲ್ಕು ಸಲ ಬಡಿಯುತ್ತಾಳೆ. ಪರದೆಯ ಮೇಲೆ 128 ಎಂದು ಮೂಡುತ್ತದೆ. ನಿಮಿಷಕ್ಕೆ 128 ಪೆಟ್ಟು, ಎಂದರೆ ಅರ್ಧ ಸೆಕೆಂಡಿಗೂ ತುಸು ಕಡಿಮೆ ಅವಧಿಗೆ ಒಂದು. ದೀಪಗಳು ಕತ್ತು ಹೊರಳಿಸಿ ಹೆಜ್ಜೆ ಹಾಕತೊಡಗುತ್ತವೆ.

“ನೀವೂ ಹೊಡೀರಿ” ಎಂದಳು. ಚಂಡೆಯ ಸದ್ದಿನಲ್ಲೇ ನಿದ್ದೆ ಮಾಡಿ ಬೆಳೆದವನಿಗೆ ಇದೇನು ಮಹಾ ಎಂದು ಬಡಿದೆ. 126 ಎಂದಿತು ಪರದೆ. ಎರಡೇ ಅಂಕಿ ವ್ಯತ್ಯಾಸ! ಮೊದಲು ಏನೂ ತಿಳಿಯಲಿಲ್ಲ. ಆಮೇಲೆ ದೀಪಗಳು ಹೊಸ ಚಪ್ಪಲಿ ಹಾಕಿದವರ ಹಾಗೆ ತಡವರಿಸತೊಡಗಿದವು. ಹದಿನೈದೇ ಸೆಕೆಂಡಿನಲ್ಲಿ ಅರ್ಧ ಪೆಟ್ಟು ಹಿಂದೆ ಬಿದ್ದು, ಡ್ರಮ್ ಎಂದಾಗ ಕತ್ತಲು, ಸದ್ದಿಲ್ಲದಾಗ ಬೆಳಕು. ಹುಡುಗಿ ನಕ್ಕು, ಹೊಸದಾಗಿ ಬಡಿದು, ಸರಿಯಾದ ಪೆಟ್ಟಿಗೆ ಇನ್ನೊಮ್ಮೆ ಗುಂಡಿ ಒತ್ತಿದಳು. ವೇಗ ಗೊತ್ತಾದರೆ ಸಾಲದು, ‘ಒಂದು’ ಎಲ್ಲಿಂದ ಶುರು ಎಂಬುದನ್ನೂ ಯಂತ್ರಕ್ಕೆ ಹೇಳಿಕೊಡಬೇಕಂತೆ. ಇದನ್ನೇ ಅಲ್ಲವೇ ನಮ್ಮ ಭಾಗವತರು ಜಾಗಟೆ ಹಿಡಿದು ಇಡೀ ರಾತ್ರಿ ಮಾಡುವುದು!

ಮರುದಿನ ಸಂಗೀತೋತ್ಸವಕ್ಕೆಂದು ದಕ್ಷಿಣಕ್ಕೆ, ರುಪೆಲ್ ನದಿಯ ದಂಡೆಯ ಊರಿಗೆ. ಫಲಕದಲ್ಲಿ ‘ಬೂಮ್’ ಎಂದು ಓದಿ, ಸದ್ದಿನ ಊರಿಗೆ ತಕ್ಕ ಹೆಸರೆಂದು ಹಿಗ್ಗಿದೆ. ಅಳಿಯ ತಿದ್ದಿದ: ಉಚ್ಚಾರ ‘ಬೋಮ್’, ಅರ್ಥ ಮರ. ಒಂದು ಕಾಲಕ್ಕೆ ಇಟ್ಟಿಗೆಗೆ ಹೆಸರಾದ ಊರಿದು. ಜೇಡಿಮಣ್ಣು ತೆಗೆದ ಹಳೆಯ ಗುಂಡಿಗಳ ಜಾಗವೇ ಈಗ ದೆ ಸ್ಕೋರೆ ಎಂಬ ವಿಹಾರಧಾಮ. 2005ರಿಂದ ಟುಮಾರೋಲ್ಯಾಂಡ್ ಸಂಗೀತೋತ್ಸವ ನಡೆಯುವುದು ಇಲ್ಲೇ. ನನಗೆ ಮಂಗಳೂರಿನ ಹೆಂಚಿನ ಕಾರ್ಖಾನೆಗಳ ಮಣ್ಣು ನೆನಪಾಯಿತು. ಹಿಂದಿನ ದಿನ ಸುರಿದ ಮಳೆಗೆ ಇಲ್ಲಿನ ಮಣ್ಣೂ ಅಷ್ಟೇ ಪ್ರೀತಿಯಿಂದ ನನ್ನ ಬಲಗಾಲಿನ ಬೂಟನ್ನು ಒಳಗೆಳೆದುಕೊಂಡಿತು.

ಜುಲೈ ತಿಂಗಳು. ರಾತ್ರಿ ಹತ್ತಾಗುತ್ತ ಬಂದರೂ ಸೂರ್ಯ ಜಾಗ ಬಿಡುವುದಿಲ್ಲ. ದೀಪದವರಿಗೆ ಅವನೇ ಮೊದಲ ವೈರಿ. ಕೊನೆಗೂ ಕತ್ತಲಾಗುತ್ತದೆ, ವೇದಿಕೆ ಹೊತ್ತಿಕೊಳ್ಳುತ್ತದೆ. ಆದರೆ ಏನೋ ಸರಿಯಿಲ್ಲ. ಬೆಳಕು ಬಂದ ಮೇಲೆ ಪೆಟ್ಟು ಕೇಳುತ್ತಿದೆ! ಹುಡುಗಿಯ ಬೆರಳು ಕಂಡಿದ್ದ ನಾನು, ಇವರೂ ನನ್ನ ಹಾಗೆ 126 ಹೊಡೆದರೇ ಎಂದುಕೊಂಡೆ. ಅಷ್ಟರಲ್ಲಿ ನೆನಪಾದದ್ದು ಚಿಕ್ಕಂದಿನ ಹೊಳೆ. ಆಚೆ ದಡದಲ್ಲಿ ಒಗೆಯುವವರ ಬಟ್ಟೆ ಕಲ್ಲಿಗೆ ಬಡಿದದ್ದು ಮೊದಲು ಕಾಣುತ್ತಿತ್ತು, ಸದ್ದು ಆಮೇಲೆ ಬರುತ್ತಿತ್ತು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ನಡೆಯುತ್ತದೆ. ನೂರು ಮೀಟರ್ ಹಿಂದೆ ನಿಂತವನಿಗೆ ಅರ್ಧ ಪೆಟ್ಟಿಗಿಂತ ಹೆಚ್ಚೇ ತಡ. ತಪ್ಪು ಬೆರಳಿನದಲ್ಲ, ನಾನು ನಿಂತ ಜಾಗದ್ದು.

ಮುಂದೆ ನುಗ್ಗಿದೆವು. ಸ್ವೀಡನ್, ಬ್ರೆಜಿಲ್‌ಗಳ ಧ್ವಜ ಹೊದ್ದ ಬೆವರಿನ ಭುಜಗಳ ನಡುವೆ ಹೆಜ್ಜೆಹೆಜ್ಜೆಗೂ ಸದ್ದು ಬೆಳಕಿನ ಹತ್ತಿರ ಸರಿಯುತ್ತದೆ, ಕಡೆಗೆ ಎರಡೂ ಒಂದಾಗುತ್ತವೆ. ನನ್ನ ಕೈ ತಾನಾಗಿ ತೊಡೆಗೆ ಇಳಿಯುತ್ತದೆ: ಒಂದು ಪೆಟ್ಟು, ಕಿರುಬೆರಳಿನಿಂದ ಮೂರು ಎಣಿಕೆ, ಮತ್ತೆರಡು ಪೆಟ್ಟು-ಹುಸಿ. ಅಪ್ಪಟ ಆದಿತಾಳ! ನಾಲ್ಕು ಆವರ್ತನಕ್ಕೊಮ್ಮೆ ಸಂಗೀತ ಹೊರಳುತ್ತಿದೆ, ಅದರೊಡನೆ ಬಣ್ಣವೂ. ಮುಂದಿನ ಸಲ ಮೂವತ್ತೆರಡು ಎಣಿಸಿ ವೇದಿಕೆಯತ್ತ ಕೈ ಚಾಚಿದೆ. ಅದೇ ಕ್ಷಣಕ್ಕೆ ನೂರಾರು ದೀಪಗಳು ಬೆಳ್ಳಗೆ ಸಿಡಿದವು.

ಪಕ್ಕದ ತರುಣ ಬಾಯಿ ತೆರೆದು ನನ್ನನ್ನೇ ನೋಡಿದ. ಮತ್ತೊಮ್ಮೆ ಮಾಡೆಂದು ಸನ್ನೆ ಮಾಡಿದ. ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಕೆಸರು ಮೆತ್ತಿದ ಕಾಲುಚೀಲ ತೊಟ್ಟ ಮಾಂತ್ರಿಕ ನಾನು, ಗಂಭೀರನಾಗಿ ಒಂದರಿಂದ ಎಣಿಸತೊಡಗಿದೆ.