ದೀಪಸ್ತಂಭದ ಮಾತು

ಅಪ್ರಿಯವಾದ ಸತ್ಯವನ್ನು ಹಿರಿಯರ ಮುಂದೆ ಆಡಬಾರದೆಂಬ ಭಾವನೆ ಅನೇಕ ಮನೆಗಳಲ್ಲಿ ಬೇರೂರಿದೆ. ಅವರಿಗೆ ಬಂದ ವ್ಯಾಧಿಯ ಹೆಸರನ್ನು ಅವರಿಂದಲೇ ಮರೆಮಾಡುವುದನ್ನು ಎಷ್ಟೋ ಮಕ್ಕಳು ಕರುಣೆಯೆಂದೇ ತಿಳಿಯುತ್ತಾರೆ. ಆ ಕರುಣೆಯಲ್ಲಿ ಹಿರಿಯರ ಹಿತವೆಷ್ಟು, ಹೇಳಬೇಕಾದವನ ಅಂಜಿಕೆಯೆಷ್ಟು ಎಂಬುದು ಭದ್ರಾವತಿಯ ಒಂದು ಕುಟುಂಬಕ್ಕೆ ಕಡಲತೀರದಲ್ಲಿ ತಿಳಿಯಿತು.

ಆ ಮನೆಯ ಹಿರಿಯರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. 1923ರಲ್ಲಿ ಉತ್ಪಾದನೆ ಆರಂಭಿಸಿ, ಮುಂದೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತ ಕಾರ್ಖಾನೆಯದು. ಮಗನು ಶಿವಮೊಗ್ಗದಲ್ಲಿ ಉದ್ಯೋಗಿ. ನಾಲ್ಕು ತಿಂಗಳ ಹಿಂದೆ ಅಲ್ಲಿಯ ನೇತ್ರವೈದ್ಯರೊಬ್ಬರು ತಂದೆಯ ಕಣ್ಣುಗಳನ್ನು ಪರೀಕ್ಷಿಸಿ, ಇದು ಗ್ಲಾಕೋಮಾ ಎಂದು ಮಗನಿಗೆ ತಿಳಿಸಿದ್ದರು. ಈ ರೋಗದಲ್ಲಿ ದೃಷ್ಟಿನರವು ಮೆಲ್ಲಗೆ ಸವೆಯುತ್ತದೆ. ಸಾಮಾನ್ಯವಾಗಿ ನೋವಿರುವುದಿಲ್ಲ, ನೋಟವು ಅಂಚಿನಿಂದ ಒಳಕ್ಕೆ ಕಿರಿದಾಗುತ್ತ ಬರುತ್ತದೆ. ಹೋದ ದೃಷ್ಟಿ ಮರಳದು. ಉಳಿದುದನ್ನು ಕಾಪಾಡಿಕೊಳ್ಳಲು ಔಷಧದ ಹನಿಯನ್ನು ಪ್ರತಿದಿನವೂ ತಪ್ಪದೆ ಹಾಕಿಕೊಳ್ಳಬೇಕು.

ಮಗನು ತಂದೆಗೆ, "ಕಣ್ಣು ಸ್ವಲ್ಪ ಒಣಗಿದೆಯಂತೆ ಅಪ್ಪಾ, ರಾತ್ರಿ ಒಂದೊಂದು ಹನಿ ಹಾಕಿಕೊಳ್ಳಿ" ಎಂದಷ್ಟೇ ಹೇಳಿದನು. ನಿಜ ತಿಳಿದರೆ ಅವರು ಕುಗ್ಗಿಹೋದಾರೆಂಬುದು ಅವನ ಎಣಿಕೆ. ಕಣ್ಣು ಕಾಣುವಾಗಲೇ ಅವರಿಗೆ ಕಡಲನ್ನು ತೋರಿಸಬೇಕೆಂದು ಒಂದು ಶನಿವಾರ ಎಲ್ಲರನ್ನೂ ಹೊರಡಿಸಿದನು. ದೀಪಸ್ತಂಭಗಳನ್ನೇ ನೋಡಬೇಕೆಂದು ಹಟ ಹಿಡಿದವಳು ಹತ್ತು ವರ್ಷದ ಮೊಮ್ಮಗಳು.

ಭದ್ರಾವತಿಯಿಂದ ಶಿವಮೊಗ್ಗ, ತೀರ್ಥಹಳ್ಳಿಗಳನ್ನು ಹಾದು, ಆಗುಂಬೆಯ ಘಾಟಿಯಿಳಿದು, ಹೆಬ್ರಿ, ಉಡುಪಿಗಳ ಮಾರ್ಗವಾಗಿ ಕಾರು ಸಂಜೆಗೆ ಕಾಪು ತಲುಪಿತು. ಕಡಲಂಚಿನ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ಅಲ್ಲಿಯ ದೀಪಸ್ತಂಭದ ಎತ್ತರ ಸುಮಾರು 27 ಮೀಟರ್. ಅಜ್ಜ ಮೆಟ್ಟಿಲುಗಳನ್ನು ಹೇಗೋ ಹತ್ತಿದರು. ಇಳಿಯುವಾಗ ಮಾತ್ರ ಒಂದು ಮೆಟ್ಟಿಲು ತಪ್ಪಿತು. ಸೊಸೆ ತೋಳು ಹಿಡಿಯದಿದ್ದರೆ ಬೀಳುತ್ತಿದ್ದರು. "ಮಂದ ಬೆಳಕು" ಎಂದು ಅವರೇ ನಕ್ಕರು. ಮಗನಿಗೆ ನಗು ಬರಲಿಲ್ಲ.

ಕೆಳಗೆ ಬಂದ ಮೇಲೆ ಮೊಮ್ಮಗಳು ಅಲ್ಲಿಯ ಸಿಬ್ಬಂದಿಯೊಬ್ಬರನ್ನು, "ಈ ದೀಪ ಹಡಗುಗಳನ್ನು ಕರೆಯುವುದಕ್ಕೋ?" ಎಂದು ಕೇಳಿದಳು. "ಕರೆಯುವುದಕ್ಕಲ್ಲ ಮಗು, ಇಲ್ಲಿ ನೆಲವಿದೆ, ಬಂಡೆಯಿದೆ ಎಂದು ತಿಳಿಸುವುದಕ್ಕೆ" ಎಂದರು ಅವರು. ಪ್ರತಿಯೊಂದು ದೀಪವೂ ತನ್ನದೇ ಲಯದಲ್ಲಿ ಮಿನುಗುತ್ತದೆ. ಆ ಲಯವನ್ನು ಎಣಿಸಿ ನಾವಿಕನು ತಾನಿರುವ ತಾಣವನ್ನು ಗುರುತಿಸುತ್ತಾನೆ. ಉಪಗ್ರಹಗಳು ದಾರಿ ತೋರುವ ಈ ಕಾಲದಲ್ಲಿಯೂ ದೀಪವನ್ನು ಆರಿಸಿಲ್ಲ. ಲಯ ತಪ್ಪಿದ ದೀಪ ಕತ್ತಲೆಗಿಂತಲೂ ಅಪಾಯಕರ; ಅದನ್ನು ನಂಬಿದವನು ತಾನು ಬೇರೆಲ್ಲಿಯೋ ಇರುವೆನೆಂದು ಭಾವಿಸಿ ಬಂಡೆಯತ್ತ ಸಾಗಬಹುದು.

ಕತ್ತಲಾದ ಮೇಲೆ ಎಲ್ಲರೂ ಮರಳಿನ ಮೇಲೆ ಕುಳಿತರು. ಅಜ್ಜ ದೀಪದತ್ತಲೇ ನೋಡುತ್ತಿದ್ದರು. ಸ್ವಲ್ಪ ಹೊತ್ತಿನ ಬಳಿಕ, "ಮಗು ಎಲ್ಲಿ?" ಎಂದರು. ಅವಳು ಅವರ ಪಕ್ಕದಲ್ಲಿಯೇ ನಿಂತಿದ್ದಳು.

ಮಗನು ಆಗ ಎಲ್ಲವನ್ನೂ ಹೇಳಿದನು. ತಂದೆ ಬಹಳ ಹೊತ್ತು ಮಾತನಾಡಲಿಲ್ಲ. ಅನಂತರ, "ಒಣಗಿದ ಕಣ್ಣಿಗೇಕೆ ಇಷ್ಟು ಉಪಚಾರವೆಂದು ಎಷ್ಟೋ ರಾತ್ರಿ ಹನಿ ಹಾಕಿಕೊಂಡಿಲ್ಲ. ತಿಳಿದಿದ್ದರೆ ಬಿಡುತ್ತಿರಲಿಲ್ಲ" ಎಂದರು. ಇನ್ನೂ ಸ್ವಲ್ಪ ತಡೆದು, "ಕಾರ್ಖಾನೆಯಲ್ಲಿ ಅಪಾಯದ ಗಂಟೆ ಹೊಡೆಯುವವನು, ಕೇಳಿದವರು ಹೆದರಿಯಾರೆಂದು ಸುಮ್ಮನಿದ್ದರೆ ನಾವು ಯಾರೂ ಉಳಿಯುತ್ತಿರಲಿಲ್ಲವಪ್ಪ" ಎಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ. ಮಗನಿಗೆ ಅದೇ ಹೆಚ್ಚು ನೋವಾಯಿತು. ತಂದೆಯ ಧೈರ್ಯವನ್ನು ಕಾಯುತ್ತಿರುವೆನೆಂದುಕೊಂಡವನು ಕಾದುಕೊಂಡದ್ದು ತನ್ನ ನಾಲಗೆಯ ಸಂಕೋಚವನ್ನು.

ಮರುದಿನ ಅವರು 1972ರಲ್ಲಿ ಕಟ್ಟಿದ ಸುರತ್ಕಲ್ಲಿನ ದೀಪಸ್ತಂಭವನ್ನೂ ನೋಡಿದರು. ಅಜ್ಜ ಮೇಲೆ ಹತ್ತದೆ, ಕೆಳಗೇ ನಿಂತು ಕಡಲನ್ನು ನೋಡಿದರು. ಹಿಂದಿರುಗುವಾಗ ಅವರು ಮೊಮ್ಮಗಳಿಗೆ ಒಂದು ಕೆಲಸ ಒಪ್ಪಿಸಿದರು: ಪ್ರತಿ ರಾತ್ರಿ ಒಂಬತ್ತು ಗಂಟೆಗೆ ಶಿವಮೊಗ್ಗದಿಂದ ದೂರವಾಣಿಯಲ್ಲಿ ಹನಿಯ ನೆನಪು ಮಾಡಬೇಕು.

ಹಿತ, ಮಿತ, ಪ್ರಿಯವಾಗಿ ನುಡಿಯಬೇಕೆನ್ನುವಾಗ ಹಿತವೇ ಮೊದಲು ಬರುತ್ತದೆ. ಪ್ರಿಯವಾಗಿ ಹೇಳುವ ಬಗೆಯನ್ನು ಹುಡುಕುವುದು ಕರುಣೆ. ಹೇಳದೇ ಇರುವುದಕ್ಕೆ ಆ ಹೆಸರು ಸಲ್ಲದು. ತಪ್ಪಿದ ಆ ರಾತ್ರಿಗಳಲ್ಲಿ ಎಷ್ಟು ನೋಟ ಹೋಯಿತೆಂಬುದನ್ನು ಇನ್ನು ಮುಂದಿನ ಪರೀಕ್ಷೆಯೇ ಹೇಳಬೇಕು. ಆ ದಿನ ವೈದ್ಯರ ಮುಂದೆ ತಂದೆ, ಮಗ ಇಬ್ಬರೂ ಕುಳಿತಿರುತ್ತಾರೆ.